ಚುಕ್ಕಿ ಬುಡಬಾರದು

ಅವರ ಅಂಗೈಗಳು ಹಿಮ್ಮಡಿಯ ಹಾಗಿದ್ದವು. ಬಿರುಕು ಬಿಟ್ಟ ಅಂಚು, ನಡುವೆ ಸವೆದು ಹೊಳೆಯುವ ದಪ್ಪ ಚರ್ಮ. ಎಳವೆಯಲ್ಲೇ ಪೋಲಿಯೋದಿಂದ ಎರಡೂ ಕಾಲು ಸೋತುಹೋಗಿ, ಮನೆಯೊಳಗೆ ಅವರು ಕೈಯೂರಿಯೇ ಓಡಾಡುತ್ತಿದ್ದರು. ಬಲಗೈ ಹೆಚ್ಚು ಒರಟಾಗಿತ್ತು ಎಂದು ಬರೆಯಹೊರಟು ನಿಲ್ಲಿಸಿದೆ. ಎಡಗೈಯೇ ಇರಬಹುದು. ಇತಿಹಾಸ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆ.

ಮಧುಗಿರಿಯಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ ಮನೆ ಅವರದು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಿಕ್ಸಿ, ಫ್ಯಾನು, ಔಷಧಿ ಹೊಡೆಯುವ ಪಂಪುಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಊರಿಗೆಲ್ಲ ರಿಪೇರಿಯಣ್ಣ, ನನಗೆ ಬರೀ ಅಣ್ಣ. ನಾನು ದಿನವೂ ಪಾವಗಡದ ಕಾಲೇಜಿಗೆ ಹೋಗಿ, ಸಂಜೆ ಬಸ್ಸಿಳಿದು ಅವರ ಅಂಗಡಿಯ ಮುಂದೆಯೇ ಮನೆಗೆ ನಡೆಯುತ್ತಿದ್ದೆ.

"ಸಾಕಾಗೈತಾ?" ಎಂದು ಒಳಗಿನಿಂದಲೇ ಕೇಳುತ್ತಿದ್ದರು.

"ಸಾಕಾಗಿದೆ ಅಣ್ಣ."

"ನಂಗೂ ಸಾಕಾಗೈತೆ ಕಣಮ್ಮ," ಎಂದು ಇನ್ನೊಂದು ಮಿಕ್ಸಿಯನ್ನು ಕೈಗೆತ್ತಿಕೊಳ್ಳುತ್ತಿದ್ದರು. ಬೇರೆಯವರು ಕೆಲಸ ಮುಗಿಸಿ ಹೇಳುವ ಮಾತನ್ನು ಅವರು ಶುರು ಮಾಡುವಾಗ ಹೇಳುತ್ತಿದ್ದರು.

ಮನೆಯಿಂದ ಅಂಗಡಿಗೆ ಅವರು ಹೋಗುತ್ತಿದ್ದುದು ಬ್ಯಾಟರಿಯ ಮೂರು ಚಕ್ರದ ಗಾಡಿಯಲ್ಲಿ. ಒಂದು ಬೇಸಿಗೆಯಲ್ಲಿ ಆ ಬ್ಯಾಟರಿ ಕೈಕೊಟ್ಟಿತು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ ಓಣಿಯ ತಿರುವು ದಾಟುತ್ತಿರಲಿಲ್ಲ. ಹೊಸದು ಕೊಳ್ಳುವ ಅನುಕೂಲ ಇರಲಿಲ್ಲ. ಕೆಲವು ದಿನ ಯಾರಾದರೂ ತಳ್ಳಿಕೊಂಡು ಹೋದರು. ಆಮೇಲೆ ತಳ್ಳುವವರೂ ಕಡಿಮೆಯಾದರು.

"ಮನೇಲೇ ಕೂತ್ಕಂಡು ಮಾಡು, ಯಾರು ಬ್ಯಾಡ ಅಂದೋರು?" ಎಂದರು ಅತ್ತಿಗೆ, ಅಂದರೆ ಅವರ ಹೆಂಡತಿ.

"ಮನೇಲಿ ಕೂತ್ರೆ ಜನ ಮಿಕ್ಸಿ ತರಲ್ಲ ಕಣೇ. ಬಾಳೆಹಣ್ಣು ತತ್ತಾರೆ, ಹೆಂಗಿದೀಯಪ್ಪ ಅಂತ."

ಆ ಮಾತಿಗೆ ನಾವು ನಕ್ಕೆವು. ಅವರು ನಗಲಿಲ್ಲ. ಗಾಡಿ ನಿಂತರೆ ತಾನು ರಿಪೇರಿಯಣ್ಣನಾಗಿ ಉಳಿಯುವುದಿಲ್ಲ, ಪಕ್ಕದ ಮನೆಯ ಕಾಲಿಲ್ಲದವನಾಗುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು.

ಶಿರಾದ ಗುಜರಿ ಅಂಗಡಿಯಿಂದ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ತರಿಸಿದರು. ಒಡೆದು, ಒಂದೊಂದೇ ಸೆಲ್ಲನ್ನು ಪರೀಕ್ಷಿಸಿ, ಜೀವ ಇದ್ದವನ್ನು ಆರಿಸಿದರು. ಗಾಡಿಗೆ ಬೇಕಾದಷ್ಟು ಸರಿಯಾಗಿ ಸಿಕ್ಕವು, ಒಂದೂ ಮಿಗಲಿಲ್ಲ. ಅವನ್ನು ಜೋಡಿಸಲು ಮಾಮೂಲಿ ಬೆಸುಗೆ ಹಾಕಿದರೆ ಸೆಲ್ಲು ಕಾದು ಕೆಡುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಜೋರಾದ ಕರೆಂಟು ಹರಿಸಿ, ತೆಳ್ಳನೆಯ ನಿಕ್ಕಲ್ ಪಟ್ಟಿಯನ್ನು ಸೆಲ್ಲಿಗೆ ಚುಕ್ಕಿ ಚುಕ್ಕಿಯಾಗಿ ಕಚ್ಚಿಸುವ ಯಂತ್ರ ಬೇಕು. ಅದಕ್ಕೆ ಸ್ಪಾಟ್ ವೆಲ್ಡಿಂಗ್ ಎನ್ನುತ್ತಾರೆ. ಅವರು ಚುಕ್ಕಿ ಮಿಷನ್ ಎಂದರು. ಅದನ್ನು ತಾನೇ ಕಟ್ಟುತ್ತೇನೆ ಎಂದರು.

ಬೇಕರಿಯವರು ಎಸೆದಿದ್ದ ಮೈಕ್ರೋವೇವ್ ಓವನ್ ಬಂತು. "ಪ್ಲಗ್ ಕಿತ್ತಾಕಿದ್ರೂ ಕಚ್ತದೆ ಇದು, ಅತ್ಲಾಗಿರಿ," ಎಂದು ನಮ್ಮನ್ನು ಬಾಗಿಲಾಚೆ ನಿಲ್ಲಿಸಿ ಅದರ ಹೊಟ್ಟೆಯಿಂದ ಟ್ರಾನ್ಸ್‌ಫಾರ್ಮರ್ ತೆಗೆದರು. ಅದರ ಸಣ್ಣ ತಂತಿಯ ಸುರುಳಿಯನ್ನು ಗರಗಸದಿಂದ ಕೊಯ್ದು, ಉಳಿಯಿಂದ ಹೊಡೆದು ಬಿಡಿಸಿ, ಆ ಜಾಗದಲ್ಲಿ ಹೆಬ್ಬೆರಳು ದಪ್ಪದ ಕೇಬಲ್ ತೂರಿಸಿದರು. ಸತ್ತ ಸ್ಟೆಬಿಲೈಜರಿನಿಂದ ಕರೆಂಟು ಹರಿಸಿ ನಿಲ್ಲಿಸುವ ರಿಲೇ, ಹಳೆ ಮನೆಯೊಂದರ ಕಾಲಿಂಗ್ ಬೆಲ್ಲಿನ ಗುಂಡಿ. ಇದೆಲ್ಲ ಎಷ್ಟು ದಿನ ನಡೆಯಿತೋ ತಿಳಿಯದು. ನನಗೆ ಉಳಿದಿರುವುದು ಸಂಜೆಯ ಸುಸ್ತಿನಲ್ಲಿ ಗೋಡೆಗೊರಗಿ ಕೇಳುತ್ತಿದ್ದ ಉಳಿಯ ಸದ್ದು ಮಾತ್ರ.

ಯಂತ್ರ ಸಿದ್ಧವಾಯಿತು. ಎರಡೂ ಕೈಯಲ್ಲಿ ತಾಮ್ರದ ಕಡ್ಡಿಗಳನ್ನು ಪಟ್ಟಿಯ ಮೇಲೆ ಒತ್ತಿ ಹಿಡಿಯಬೇಕು. ಕರೆಂಟಿನ ಗುಂಡಿಯನ್ನು ಕಾಲಿನಿಂದ ಒತ್ತಬೇಕು. ಅವರು ನನ್ನ ಕಡೆ ತಿರುಗಿದರು.

"ಒಂದು ಕಾಲು ಕೊಡ್ತೀಯೇನಮ್ಮ?"

"ಕಾಲು ಹಿಡ್ಯೋರ್ನ ನೋಡಿದ್ದೆ, ಕಾಲು ಸಾಲ ಕೇಳೋರ್ನ ಇವತ್ತೇ ನೋಡಿದ್ದು," ಎಂದರು ಅತ್ತಿಗೆ. ಕರೆಂಟೆಂದರೆ ಅವರಿಗೆ ಭಯ, ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

ತಗಡಿನ ಚೂರುಗಳ ಮೇಲೆ ಅಭ್ಯಾಸ ಮಾಡಿದೆವು. ಅವರು "ಬುಡು" ಎಂದರೆ ಕರೆಂಟು ಬಿಡಬೇಕು. ನಾನು ಒತ್ತಿ ತಕ್ಷಣ ಕಾಲೆತ್ತುತ್ತಿದ್ದೆ. ಚಿಟ್ ಎಂದು ಸಾಸಿವೆಯಂಥ ಚುಕ್ಕಿ ಬೀಳುತ್ತಿತ್ತು. ಪ್ರತಿಯೊಂದನ್ನೂ ಇಕ್ಕಳದಿಂದ ಹಿಡಿದು ಎಳೆದು ನೋಡುತ್ತಿದ್ದರು. "ಪಟ್ಟಿ ಬೇಕಾರೆ ಹರೀಲಿ. ಚುಕ್ಕಿ ಬುಡಬಾರ್ದು."

ನಿಜವಾದ ಸೆಲ್ಲುಗಳ ಸರದಿ ಬಂತು. ಒಂದು ಸಾಲು ಸಲೀಸಾಗಿ ಆಯಿತು. ಮುಂದಿನ ಸೆಲ್ಲಿಗೆ "ಬುಡು" ಎಂದರು, ಒತ್ತಿದೆ. ಅಷ್ಟರಲ್ಲಿ ಕಡ್ಡಿ ಜಾರಿತು. "ಬುಡು! ಬುಡು!" ಎಂದು ಕೂಗಿದರು. ಅವರು ಹೇಳಿದ್ದು ಕಾಲು ಬಿಡು ಎಂದು. ನನಗೆ ಕೇಳಿಸಿದ್ದು ಇನ್ನೂ ಕರೆಂಟು ಬಿಡು ಎಂದು. ಗಟ್ಟಿಯಾಗಿ ಒತ್ತಿ ಹಿಡಿದೆ. ಸೆಲ್ಲಿನ ನೆತ್ತಿ ತೂತಾಗಿ, ಬಿಳಿ ಹೊಗೆ ಎದ್ದು, ಒಂದು ಥರದ ಸಿಹಿ ವಾಸನೆ ಹಬ್ಬಿತು. ಅವರು ಕಡ್ಡಿ ಎಸೆದು ಸೆಲ್ಲನ್ನು ಇಕ್ಕಳದಲ್ಲಿ ಎತ್ತಿ ಪಕ್ಕದ ಮರಳಿನ ಬಕೆಟ್ಟಿಗೆ ಹಾಕಿದರು.

ತೆಲುಗು ಬೆರೆತ ಪಾವಗಡದ ಕಡೆಯವರಾದ ಅತ್ತಿಗೆ ಹೊಸ್ತಿಲಾಚೆಯಿಂದ ಶುರು ಮಾಡಿದರು: "ಏಮಯ್ಯಾ, ಅದೇನ್ ಕನ್ನಡ ನಿಂದು? ಕೊಡೋಕೂ ಬುಡು, ತಗ್ಯೋಕೂ ಬುಡು! ಆ ಯಮ್ಮ ಏನ್ ಮಾಡ್ತಾಳೆ?"

ಅವರು ಮರಳಿನ ಬಕೆಟ್ಟನ್ನೇ ನೋಡುತ್ತಿದ್ದರು. ಬದಲಿಗೆ ಇನ್ನೊಂದು ಸೆಲ್ಲಿರಲಿಲ್ಲ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಬುಡು," ಎಂದರು. ಈ ಸಲ ಅದರ ಅರ್ಥ ಹೋಗಲಿ ಎಂದು. ಒಂದೇ ಸಂಜೆ ಒಂದೇ ಮಾತಿಗೆ ಮೂರು ಅರ್ಥ. ಅದರಲ್ಲಿ ಮೂರನೆಯದು ಮಾತ್ರ ತಪ್ಪಿಲ್ಲದೆ ನನ್ನನ್ನು ಮುಟ್ಟಿತು.

ಅಲ್ಲಿಂದಾಚೆಗೆ ಒತ್ತಲು "ಕೊಡು", ಎತ್ತಲು "ತಗಿ" ಎಂದಾಯಿತು. ಒಂದು ಸೆಲ್ಲು ಕಡಿಮೆಯಿದ್ದ ಬ್ಯಾಟರಿಯನ್ನೇ ಗಾಡಿಗೆ ಕಟ್ಟಿದರು. ಗಾಡಿ ಓಡಿತು. ಅಂಗಡಿಯ ಮುಂದಿನ ಏರಿನಲ್ಲಿ ಮಾತ್ರ ನಿಧಾನವಾಗುತ್ತಿತ್ತು. ಆಗ ಅವರು ಹ್ಯಾಂಡಲ್ಲಿನ ಮೇಲೆ ಬಾಗಿ, "ನಡಿಯಪ್ಪ, ನಂಗೂ ಸಾಕಾಗೈತೆ," ಎನ್ನುತ್ತಿದ್ದರು. ನಿಜವಾಗಿ ಅನ್ನುತ್ತಿದ್ದರೋ, ನಾನೇ ಅವರ ಬಾಯಲ್ಲಿ ಇಟ್ಟೆನೋ. ಆದರೆ ಬಾಳೆಹಣ್ಣು ತಂದವರು ಯಾರೂ ಇಲ್ಲ, ಮಿಕ್ಸಿಗಳೇ ಬಂದವು. ಇದು ನಿಜ.

ಹೋದ ಚಳಿಗಾಲದಲ್ಲಿ ಜ್ವರ ಎದೆಗಿಳಿದು ತೀರಿಕೊಂಡರು. ನಾನು ಪಾವಗಡದಲ್ಲಿ ತರಗತಿಯಲ್ಲಿದ್ದೆ. ಆಸ್ಪತ್ರೆ ಸೇರುವ ಹಿಂದಿನ ದಿನವೂ ಅಂಗಡಿ ತೆರೆದಿದ್ದರು ಎಂದು ಗಲ್ಲಿಯವರು ಹೇಳುತ್ತಾರೆ. ಅತ್ತಿಗೆ ಅಲ್ಲ ಎನ್ನುತ್ತಾರೆ. ನಾನು ಗಲ್ಲಿಯವರನ್ನು ನಂಬಲು ಇಷ್ಟಪಡುತ್ತೇನೆ.

ಮೊನ್ನೆ ಅತ್ತಿಗೆ ಕರೆದರು. ಗಾಡಿಯನ್ನು ಮಿಡಿಗೇಶಿಯ ಒಬ್ಬ ಹೆಂಗಸಿಗೆ ಕೊಡುವುದೆಂದಾಗಿತ್ತು. ಆಕೆ ಹೊಸ ಬ್ಯಾಟರಿ ಹಾಕಿಸುತ್ತಾರೆ, ಹಳೆಯದನ್ನು ಬಿಚ್ಚಿಕೊಡಬೇಕಿತ್ತು. ಬ್ಯಾಟರಿಯನ್ನು ಇಳಿಸಿ ನೆಲದ ಮೇಲಿಟ್ಟೆ. ತಿಂಗಳುಗಟ್ಟಲೆ ನಿಂತು ಅದರಲ್ಲಿ ಚಾರ್ಜು ಉಳಿದಿರಲಿಲ್ಲ. ಒಂದು ಸೆಲ್ಲನ್ನಾದರೂ ಇಟ್ಟುಕೊಳ್ಳೋಣ ಎಂದು, ಅಣ್ಣನದೇ ಇಕ್ಕಳದಿಂದ ಕೊನೆಯ ಪಟ್ಟಿಯನ್ನು ಹಿಡಿದು ಬಲವಾಗಿ ಎಳೆದೆ. ಪಟ್ಟಿ ಹರಿದು ಕೈಗೆ ಬಂತು. ಚುಕ್ಕಿಗಳು ಸೆಲ್ಲನ್ನು ಕಚ್ಚಿಕೊಂಡೇ ಇದ್ದವು.

"ಬಂತೇನಮ್ಮ?" ಎಂದರು ಅತ್ತಿಗೆ, ಇನ್ನೂ ಹೊಸ್ತಿಲಾಚೆಯೇ ನಿಂತು.

"ಇಲ್ಲ ಅತ್ತಿಗೆ," ಎಂದೆ. "ಬುಡಲಿಲ್ಲ."