ದೋಮಿತಿಲಾಳ ಹೆಸರಿನ ಕೋಳಿಯೂಟ

ದೋಮಿತಿಲಾ ಪೆರುವಿನ ಚಿಂಬೋತೆಯಲ್ಲಿ ಟೀಚರಮ್ಮ ಆಗಿದ್ದವಳು. ಸಮುದ್ರದ ಕಡೆಯಿಂದ ಮೀನುಪುಡಿ ಕಾರ್ಖಾನೆಯ ನಾತ ಬೀಸಿದರೆ ಮಕ್ಕಳು ಮೂಗು ಮುಚ್ಚಿಕೊಂಡೇ ಮಗ್ಗಿ ಒಪ್ಪಿಸುತ್ತಿದ್ದ ಶಾಲೆ ಅದು. ಸಂಬಳ ಹೊಟ್ಟೆಗಾದರೆ ಬಟ್ಟೆಗಿಲ್ಲ, ಬಟ್ಟೆಗಾದರೆ ಹೊಟ್ಟೆಗಿಲ್ಲ. ಗಂಡ ಎನ್ನಿಸಿಕೊಂಡವನು ಮೀನಿನ ದೋಣಿ ಹತ್ತಿ ಹೋದವನು ಇನ್ನೊಬ್ಬಳ ಮನೆಯಲ್ಲಿ ಇಳಿದ. ಮಗಳನ್ನು ತಾಯಿಯ ಮಡಿಲಿಗೆ ಹಾಕಿ, ಮರುಭೂಮಿಯ ಉದ್ದಕ್ಕೂ ಬಸ್ಸಿನಲ್ಲಿ ಕೂತು, ಅವಳು ಚಿಲಿಯ ಸಾಂತಿಯಾಗೋಗೆ ಬಂದಳು.

ಇಲ್ಲಿನ ದೊಡ್ಡ ಮನೆಗಳವರು ಪೆರುವಿನ ಹೆಂಗಸರನ್ನು ಬಾಯಿತುಂಬ ಹೊಗಳುತ್ತಾರೆ. ಅಡುಗೆ ಚೆನ್ನ, ಮಾತು ಸ್ವಚ್ಛ, ಮಕ್ಕಳ ಮೇಲೆ ಅಕ್ಕರೆ ಎನ್ನುತ್ತಾರೆ. ಇಷ್ಟೆಲ್ಲ ಹೊಗಳಿ ಕೊನೆಗೆ ಕೈಗೆ ಕೊಡುವುದು ಒಂದು ಏಪ್ರನ್ನು, ನೆಲ ಒರೆಸುವ ಬಟ್ಟೆ. ದೋಮಿತಿಲಾಳ ಡಿಗ್ರಿಯನ್ನು ಯಾರೂ ಕೇಳಲಿಲ್ಲ, ಅವಳೂ ತೋರಿಸಲಿಲ್ಲ. ಯಜಮಾನಿತಿ ಕೆಟ್ಟವಳೇನಲ್ಲ. ಸಂಬಳದಲ್ಲಿ ಹಿಡಿದು ಆಸ್ಪತ್ರೆಯ ಕಾರ್ಡಿಗೆ ಕಟ್ಟುತ್ತಿದ್ದಳು, ಶನಿವಾರ ಮಧ್ಯಾಹ್ನ ಬಿಡುತ್ತಿದ್ದಳು. ಮೊದಲು ಅಲ್ಲೇ ಮಲಗುತ್ತಿದ್ದ ದೋಮಿತಿಲಾ ಆಮೇಲೆ ಯುಂಗಾಯ್ ಪೇಟೆಯ ಒಂದು ಹಳೇ ವಠಾರದಲ್ಲಿ ಕೋಣೆ ಹಿಡಿದಳು. ವಠಾರದ ತುಂಬ ನಮ್ಮವರೇ.

ನಮ್ಮ ಪೆರುವಿನವರಿಗೆ ಬ್ಯಾಂಕಿಲ್ಲ, ವಿಮೆಯಿಲ್ಲ, ಪೊಯಾದಾ ಇದೆ. ಯಾರಿಗೋ ಆಪರೇಷನ್ ಆಗಬೇಕು, ಯಾರದೋ ಹೆಣ ಊರು ಸೇರಬೇಕು ಅಂದರೆ ಆ ಮನೆಯವರು ಕೋಳಿ ತಂದು ಚೀಟಿ ಮಾರುತ್ತಾರೆ. ಚೀಟಿಯ ಮೇಲೆ ಯಾರಿಗೆ, ಯಾತಕ್ಕೆ ಎಂದು ಬರೆದಿರಲೇಬೇಕು. ಚೀಟಿ ಕೊಂಡವರು ಭಾನುವಾರ ಬಂದು ಕೋಳಿ ತಿಂದು, ಬಿಯರ್ ಕುಡಿದು, ಕುಣಿದು ಹೋಗುತ್ತಾರೆ. ಇದನ್ನು ಭಿಕ್ಷೆ ಅಂದರೆ ಹಲ್ಲು ಉದುರಿಸುತ್ತಾರೆ. ಇದು ಮುಯ್ಯಿ. ಇವತ್ತು ನಿನ್ನ ಮನೆಯದು, ನಾಳೆ ನನ್ನ ಮನೆಯದು. ಬಟ್ಟೆ ಒಗೆಯುವ ಟಬ್ಬುಗಳಲ್ಲಿ ಕೆಂಪು ಮೆಣಸಿನ ಅರಪು, ಬೆಳ್ಳುಳ್ಳಿ, ಜೀರಿಗೆ, ವಿನೆಗರ್ ಸವರಿ ಕೋಳಿ ನೆನೆಹಾಕುವುದರಲ್ಲಿ ದೋಮಿತಿಲಾಳನ್ನು ಮೀರಿಸುವವರಿರಲಿಲ್ಲ. ಯಾರ ಮನೆಯ ಪೊಯಾದಾ ಆದರೂ ಅರೆದು ಅರೆದು ಉರಿಯುತ್ತಿದ್ದುದು ಅವಳ ಕೈಯೇ.

ಅರ್ಜೆಂಟಿನಾದಲ್ಲಿ ಬ್ಯಾಂಕುಗಳು ಬಾಗಿಲು ಹಾಕಿಕೊಂಡು ಜನರ ಉಳಿತಾಯ ನುಂಗಿದವಲ್ಲ, ಅದರ ಮರುವರ್ಷ ಮಿರ್ತಾ ಬಂದಳು. ಬೆಟ್ಟದಾಚೆಯ ಸಾನ್ ರಫಾಯೆಲ್ ಊರಿನವಳು. ಬಿಳಿ ಮೈ, ಎತ್ತರದ ಆಳು, ಇಟಲಿಯ ಅಜ್ಜಿಯಿಂದ ಬಂದ ಉದ್ದ ಮೂಗು. ದೋಮಿತಿಲಾಳ ಪಕ್ಕದ ಕೋಣೆ ಖಾಲಿಯಿತ್ತು, ಬಂದು ಸೇರಿದಳು. ಹೈಸ್ಕೂಲನ್ನೂ ಮುಗಿಸಿದವಳಲ್ಲ. ಆದರೂ ವಾರ ಕಳೆಯುವುದರೊಳಗೆ ಶ್ರೀಮಂತರ ಕಡೆಯ ಒಂದು ಸುಗಂಧದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಇವಳು ಬಾಯಿ ಬಿಟ್ಟರೆ ಸಾಕು, ಆ ಅರ್ಜೆಂಟಿನಾದ ಮಾತಿನ ಧಾಟಿಗೇ ಗಿರಾಕಿಗಳು ಬರುತ್ತಾರೆ ಎಂದು ಮಾಲೀಕ ಹೇಳಿದನಂತೆ. ದೋಮಿತಿಲಾಗೆ ಹೊಟ್ಟೆ ಉರಿಯಿತು. ನನ್ನ ಡಿಗ್ರಿ ಪೆಟ್ಟಿಗೆಯ ತಳದಲ್ಲಿ ಕೊಳೀತಿದೆ, ಅವಳ ಮೂಗು ಅಂಗಡಿಯ ಮುಂದೆ ಮೆರೀತಿದೆ ಎಂದು ವಠಾರದ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆ ಅಂದಳು. ಮಿರ್ತಾಗೂ ಕೇಳಿಸಿತು. ಅವಳು ನಕ್ಕುಬಿಟ್ಟಳು.

ಇಬ್ಬರಿಗೂ ಒಂದೇ ಒಲೆ. ಒಂದೇ ಒಲೆಯಲ್ಲಿ ಬೇಯಿಸುವವರು ಎಷ್ಟು ದಿನ ಮುಖ ತಿರುಗಿಸಿಕೊಂಡಿರಲು ಸಾಧ್ಯ? ಮಿರ್ತಾ ಕೊಳವೆಯಲ್ಲಿ ಹೀರುವ 'ಮಾತೆ' ಎಂಬ ಎಲೆಯ ಚಹಾವನ್ನು ದೋಮಿತಿಲಾ ಹುಲ್ಲಿನ ಕಷಾಯ ಎಂದು ಆಡಿಕೊಂಡಳು. ಅನ್ನಕ್ಕೆ ಆಲೂಗಡ್ಡೆ ನೆಂಚಿಕೊಳ್ಳುವ ಜನ ಪ್ರಪಂಚದಲ್ಲಿ ನೀವೊಬ್ಬರೇ ಎಂದು ಅವಳು ತಿರುಗಿಸಿ ಕೊಟ್ಟಳು. ಹೀಗೆ ಹೀಯಾಳಿಸುತ್ತ ಹೀಯಾಳಿಸುತ್ತಲೇ ಇಬ್ಬರೂ ಒಬ್ಬರಿಗೊಬ್ಬರು ಬೇಕಾದರು.

ಒಮ್ಮೆ ಯಾವುದೋ ಕಾಲೇಜಿನ ಹುಡುಗಿ ವಠಾರಕ್ಕೆ ಬಂದು, ವಲಸೆ ಬಂದವರಲ್ಲಿ ಪೆರುವಿನವರು ಸುಖವಾಗಿದ್ದಾರೋ ಅರ್ಜೆಂಟಿನಾದವರೋ ಎಂದು ಪ್ರತಿಯೊಬ್ಬರ ಸಂಬಳ ಕೇಳಿಕೊಂಡು ಹೋದಳು. ಮಿರ್ತಾಳದೇ ಹೆಚ್ಚು ಬಂತು. ಸುಳ್ಳೇನಲ್ಲ. ಆದರೆ ಆ ಸಂಬಳ ಹೋಗುವ ದಾರಿ ದೋಮಿತಿಲಾಗೆ ಮಾತ್ರ ಕಾಣುತ್ತಿತ್ತು. ಅಂಗಡಿಗೆ ಹಾಕಿಕೊಂಡು ಹೋಗಬೇಕಾದ ಬೂಟು, ಕಾಲುಚೀಲ, ಕೂದಲ ಬಣ್ಣ ಎಲ್ಲ ಅವಳದೇ ಖರ್ಚು. ಮಾಲೀಕ ಅವಳ ಆಸ್ಪತ್ರೆಯ ಕಾರ್ಡಿಗೆ ಒಂದು ಕಾಸೂ ಕಟ್ಟುತ್ತಿರಲಿಲ್ಲ. ಸಂಜೆಯ ಊಟ ಬ್ರೆಡ್ಡು, ಚಹಾ. ಭಾನುವಾರ ಪೆರುವಿನವರೆಲ್ಲ ದೊಡ್ಡ ಚರ್ಚಿನ ಪಕ್ಕದ ಬೀದಿಯಲ್ಲಿ ಸೇರಿ ತಿಂದು, ಹರಟಿ, ಜಗಳವಾಡಿ ಬರುತ್ತಿದ್ದರು. ಮಿರ್ತಾಗೆ ಜಗಳವಾಡುವುದಕ್ಕೂ ತನ್ನೂರವರು ಒಬ್ಬರಿರಲಿಲ್ಲ. ಸಾಂತಿಯಾಗೋದಲ್ಲಿ ಅರ್ಜೆಂಟಿನಾದವರಿಗೇನು ಬರವೇ, ಆದರೆ ಅವರು ಒಬ್ಬರಿಗೊಬ್ಬರು ಬಡವರೆಂದು ತೋರಿಸಿಕೊಳ್ಳುವುದಿಲ್ಲ.

ಒಂದು ಬೆಳಗ್ಗೆ ಮಿರ್ತಾ ಉಡುಪಿನ ಬೆನ್ನಿನ ಹುಕ್ಕು ಹಾಕಿಕೊಡು ಎಂದು ಬಂದಳು. ಕೈ ಮೇಲೇಳುತ್ತಿರಲಿಲ್ಲ. ಹುಕ್ಕು ಹಾಕುವಾಗ ದೋಮಿತಿಲಾಳ ಬೆರಳಿಗೆ ಕಂಕುಳ ಹತ್ತಿರ ಗಟ್ಟಿಯಾದ ಗಂಟೊಂದು ತಗುಲಿತು. ಎಷ್ಟು ದಿನದಿಂದ ಎಂದು ಕೇಳಿದಳು. ಮಿರ್ತಾ ಕನ್ನಡಿ ನೋಡುತ್ತ, ಎದೆಯಲ್ಲೂ ಒಂದಿದೆ, ಅದು ಇದಕ್ಕಿಂತ ಹಳೆಯದು ಎಂದಳು. ಡಾಕ್ಟರೊಬ್ಬ ಖಾಸಗಿ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿಸು, ತಡಮಾಡಬೇಡ ಎಂದಿದ್ದನಂತೆ. ಅದಕ್ಕೆಂದೇ ಅವಳು ಸ್ವಲ್ಪ ಸ್ವಲ್ಪ ಕೂಡಿಡುತ್ತಿದ್ದಳು. ಗಂಟು ಕಾಯುತ್ತದೆಯೇ?

"ಪೊಯಾದಾ ಮಾಡೋಣ" ಎಂದಳು ದೋಮಿತಿಲಾ. "ನಾನೇ ಅರೀತೀನಿ, ನಾನೇ ಕರೀತೀನಿ. ನೀನು ನಿನ್ನ ಮೂಗು ತೋರಿಸ್ಕೊಂಡು ನಿಂತ್ಕೋ, ಸಾಕು."

"ಬೇಡ ಕಣೇ. ನಿಮ್ಮೋರ ಮುಂದೆ ಕೈ ಒಡ್ಡೋಕಾಗಲ್ಲ."

"ನಮ್ಮೋರು ಅಂದ್ರೆ ಅಷ್ಟು ಕಡೆಯಾದ್ವಾ?"

"ಕಡೆ ಅಲ್ಲ ಮಾರಾಯ್ತಿ. ಅವರು ನನ್ನ ನೋಡಿ ಹೊಟ್ಟೆ ಉರ್ಕೋತಾರಲ್ಲ, ನನಗೆ ಈ ಊರಲ್ಲಿ ಇರೋದು ಅದೊಂದೇ. ಅದನ್ನೂ ಕಿತ್ಕೋಬೇಡ."

ದೋಮಿತಿಲಾ ಸಿಟ್ಟಿನಿಂದ ಪಾತ್ರೆ ಕುಕ್ಕಿದಳು. ಆಮೇಲೆ ಅವಳಿಗೇ ಅಳು ಬಂತು. ಆ ಭಾನುವಾರ ಮಿರ್ತಾಗೆ ಹೇಳದೆ ದೋನ್ ತಿಯೋಫಿಲೋ ಹತ್ತಿರ ಹೋದಳು. ಪೊಯಾದಾಗಳಿಗೆ ಹಾಡಿನ ಸ್ಪೀಕರು, ಮೇಜು, ಬಾಣಲೆ ಬಾಡಿಗೆಯಿಲ್ಲದೆ ಕೊಡುತ್ತಿದ್ದ ಮುದುಕ ಅವನು. ನಮ್ಮವರ ಪಾಲಿಗೆ ಊರ ಯಜಮಾನ ಇದ್ದ ಹಾಗೆ. ಹೆಸರು ಹೇಳದೆ, ಅರ್ಜೆಂಟಿನಾದ ಒಬ್ಬಳಿಗೆ ಪೊಯಾದಾ ಮಾಡಿದರೆ ಹೇಗೆ ಎಂದು ಕೇಳಿದಳು.

ಅವನು ಹಲ್ಲುಕಡ್ಡಿ ತೆಗೆದು ನಕ್ಕ. "ಅರ್ಜೆಂಟಿನಾದೋರಿಗಾ? ಅವರು ನಮ್ಮ ಕೈಲಿ ನೆಲ ಒರೆಸಿಸ್ಕೊಳ್ಳೋ ಜಾತಿ ಕಣಮ್ಮ. ಒಂದು ಚೀಟೀನೂ ಹೋಗಲ್ಲ. ಯಾರಿಗೆ ಅಂತ ಕೇಳಿದರೆ ಜನ ಕಾರಿ ಉಗೀತಾರೆ."

ದೋಮಿತಿಲಾ ಹೋಗಲು ಎದ್ದವಳು ಮತ್ತೆ ಕೂತಳು. ಹಾಗಾದರೆ ನನಗೇ ಮಾಡಿಸಿ, ನನ್ನ ಎದೆಯಲ್ಲಿ ಗಂಟಾಗಿದೆ ಎಂದಳು. ತಿಯೋಫಿಲೋನ ನಗು ಅಲ್ಲೇ ನಿಂತಿತು. ನಿನಗೆ ಕಾರ್ಡಿದೆಯಲ್ಲ ಎಂದು ಮೆಲ್ಲಗೆ ಕೇಳಿದ. ಕಾರ್ಡಿನ ಸರದಿ ಬರುವುದರೊಳಗೆ ನನ್ನ ಸರದಿ ಮುಗಿದಿರುತ್ತದೆ ಎಂದಳು. ಮುದುಕ ಅವಳ ತಲೆಯ ಮೇಲೆ ಕೈಯಿಟ್ಟು ಅತ್ತ. ಆ ಕೈಯ ಕೆಳಗೆ ಅವಳು ನಾಚಿಕೆಯಿಂದ ಹಿಡಿಯಾದಳು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಷ್ಟು ದೊಡ್ಡ ಪೊಯಾದಾ ವಠಾರ ಕಂಡಿರಲಿಲ್ಲ. ಇಷ್ಟು ವರ್ಷ ಎಲ್ಲರ ಕೋಳಿಗೂ ಮಸಾಲೆ ಅರೆದವಳಿಗೆ ಮುಯ್ಯಿ ತೀರಿಸಲು ಊರೇ ಬಂತು. ಕಟ್ಟಡ ಕೆಲಸದವರು, ಮನೆಗೆಲಸದವರು, ದೂರದ ಪೇಟೆಯಿಂದ ಎರಡು ಬಸ್ಸು ಬದಲಿಸಿ ಬಂದವರು. ದನದ ಹೃದಯದ ಮಾಂಸವನ್ನು ಕಡ್ಡಿಗೆ ಚುಚ್ಚಿ ಸುಟ್ಟು ಮಾರುವ ಗಾಡಿಯ ಸಾತುರ್ನಿನಾ ಆ ದಿನದ ತನ್ನ ವ್ಯಾಪಾರವನ್ನೇ ಬಿಟ್ಟು ಬಂದು ಬಾಣಲೆಯ ಮುಂದೆ ನಿಂತಳು. ನೀನು ಕೂತ್ಕೋ, ಇವತ್ತು ನೀನು ಕೈ ಸುಟ್ಟುಕೊಳ್ಳಬಾರದು ಎಂದು ದೋಮಿತಿಲಾಳನ್ನು ಕುರ್ಚಿಯಲ್ಲಿ ಕೂರಿಸಿದಳು. ಬಂದವರೆಲ್ಲ ತಬ್ಬಿಕೊಂಡರು.

ಮಿರ್ತಾ ಕೆಲಸದಿಂದ ಬರುವಾಗ ಹಾಡು ಜೋರಾಗಿತ್ತು. ಯಾರ ಪೊಯಾದಾ ಎಂದು ಬಾಗಿಲಲ್ಲೇ ಕೇಳಿದಳು. ತಿಯೋಫಿಲೋ ಚೀಟಿ ತೋರಿಸಿದ. ಅದರಲ್ಲಿ ದೋಮಿತಿಲಾಳ ಹೆಸರು, ಎದೆಯ ಗಂಟು ಎಂದು ಓದಿ, ಎರಡು ಚೀಟಿ ಕೊಂಡು, ತಟ್ಟೆ ಹಿಡಿದು ಮೂಲೆಯಲ್ಲಿ ಕೂತಳು. ದೋಮಿತಿಲಾ ದೂರದಿಂದ ಕಣ್ಸನ್ನೆ ಮಾಡಿದರೂ ಅವಳು ತಲೆಯೆತ್ತಲಿಲ್ಲ.

ಜನ ಕರಗಿದ ಮೇಲೆ ಮಿರ್ತಾ ಇವಳ ಕೋಣೆಗೆ ಬಂದಳು. ಪರೀಕ್ಷೆಗೆಂದು ಕೂಡಿಟ್ಟಿದ್ದನ್ನೆಲ್ಲ ಹಾಸಿಗೆಯ ಮೇಲೆ ಇಟ್ಟಳು. ಅಜ್ಜಿಯ ಚಿನ್ನದ ಸರವನ್ನೂ ಕತ್ತಿನಿಂದ ಬಿಚ್ಚಿ ಅದರ ಮೇಲಿಟ್ಟಳು.

"ನಿನಗೆ ಮಗಳಿದಾಳೆ. ನನ್ನ ನಂಬ್ಕೊಂಡು ಯಾರಿದಾರೆ? ಮೊದಲು ನೀನು ಹೋಗು."

ದೋಮಿತಿಲಾ ಬಿಕ್ಕಿ ಬಿಕ್ಕಿ ಅಳುತ್ತ ನಿಜ ಹೇಳಿದಳು. ಮಿರ್ತಾಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಗೋಡೆಗೆ ಒರಗಿ, ನನ್ನ ಕೋಳಿಗೆ ನಾನೇ ದುಡ್ಡು ಕೊಟ್ಟೆನಾ ಎಂದು ನಗತೊಡಗಿದಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ತೆಗೆದುಕೊಳ್ಳುತ್ತೇನೆ ಎಂದು ಒಪ್ಪಿದಳು. ಆದರೆ ಯಾರಿಗೂ ಹೇಳಬಾರದು, ನಾನು ಸತ್ತ ಮೇಲೂ ಹೇಳಬಾರದು ಎಂದು ದೋಮಿತಿಲಾಳ ಕೈಯಲ್ಲಿ ಮಗಳ ಮೇಲೆ ಆಣೆ ಹಾಕಿಸಿಕೊಂಡಳು.

ಮಿರ್ತಾಳ ಪರೀಕ್ಷೆಯಾಯಿತು, ಆಪರೇಷನ್ನೂ ಆಯಿತು. ಕೋಳಿಯ ದುಡ್ಡು ಅಲ್ಲಿಗೆ ಮುಗಿಯಿತು. ಕಾಯಿಲೆ ಮುಗಿಯಲಿಲ್ಲ. ಅದು ಆಗಲೇ ಮೂಳೆಗೆ ಇಳಿದಿತ್ತು. ಬಡವರನ್ನು ಸೇರಿಸಿಕೊಳ್ಳುವ ದೊಡ್ಡಾಸ್ಪತ್ರೆಯ ವಾರ್ಡಿಗೆ ಹೋಗುವ ದಿನ ಮಿರ್ತಾ ತುಟಿಗೆ ಬಣ್ಣ ಹಚ್ಚಿ, ಸೂಟ್‌ಕೇಸ್ ಹಿಡಿದು, ಬ್ಯೂನಸ್ ಐರಿಸ್‌ನಲ್ಲಿ ದೊಡ್ಡ ಅಂಗಡಿಯೊಂದು ಕರೆದಿದೆ, ಹೋಗುತ್ತಿದ್ದೇನೆ ಎಂದು ವಠಾರಕ್ಕೆಲ್ಲ ಹೇಳಿ ಟ್ಯಾಕ್ಸಿ ಹತ್ತಿದಳು. ಇದ್ದೋರಿಗೇ ದೇವರು ಇನ್ನಷ್ಟು ಕೊಡೋದು ಎಂದು ನಲ್ಲಿಯ ಹತ್ತಿರ ಹೆಂಗಸರು ನಿಟ್ಟುಸಿರು ಬಿಟ್ಟರು. ಟ್ಯಾಕ್ಸಿ ಆಸ್ಪತ್ರೆಯ ಕಡೆ ತಿರುಗಿದ್ದು ದೋಮಿತಿಲಾ ಒಬ್ಬಳಿಗೇ ಗೊತ್ತು.

ಆಮೇಲೆ, ಇಲ್ಲಿ ಜೂನ್ ತಿಂಗಳಿಗೆ ಹಿಡಿಯುವ ಚಳಿಗಾಲವನ್ನು ಹೇಳಲು ಸಂಕಟವಾಗುತ್ತದೆ. ಚೀಟಿಯನ್ನು ನಂಬಿ, ಆಪರೇಷನ್ ಆದವಳು ದೋಮಿತಿಲಾಳೇ ಎಂದು ತಿಳಿದು ನಮ್ಮ ಹೆಂಗಸರು ಅವಳ ಕೋಣೆಗೆ ಸಾಲುಗಟ್ಟಿದರು. ಒಬ್ಬಳು ಬಟ್ಟೆ ಒಗೆದು ಹೋದರೆ ಇನ್ನೊಬ್ಬಳು ಕಾಲು ಒತ್ತುತ್ತಿದ್ದಳು. ಸಾತುರ್ನಿನಾ ಕೊತ್ತಂಬರಿ ಹಾಕಿದ ಕೋಳಿ ಸಾರು ತಂದು, ಕುಡಿದು ಮುಗಿಸುವ ತನಕ ಎದುರಿಗೇ ಕೂರುತ್ತಿದ್ದಳು. ಅರ್ಧ ಸಾಕು, ಉಳಿದದ್ದು ಆಮೇಲೆ ಎಂದು ದೋಮಿತಿಲಾ ಅದನ್ನು ಮುಚ್ಚಿಟ್ಟು, ಎಲ್ಲರೂ ಹೋದ ಮೇಲೆ ಶಾಲಿನಡಿ ಹಿಡಿದು ಆಸ್ಪತ್ರೆಗೆ ಓಡುತ್ತಿದ್ದಳು. ಯಜಮಾನಿತಿಯ ಮನೆಯ ಕೆಲಸ ಬಿಡುವಂತಿಲ್ಲ, ದಿನಾ ಹೋಗಲಾಗುತ್ತಿರಲಿಲ್ಲ. ಹೋದಾಗ ಮಿರ್ತಾ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಪಕ್ಕದ ಮಂಚಗಳ ಸುತ್ತ ಮಂದಿ ಕಿಕ್ಕಿರಿದಿರುತ್ತಿದ್ದರು. ಇವಳ ಮಂಚದ ಪಕ್ಕದ ಕುರ್ಚಿಯನ್ನು ಯಾರೋ ಆಗಲೇ ಎತ್ತಿಕೊಂಡು ಹೋಗಿರುತ್ತಿದ್ದರು.

ತನ್ನ ಹೆಸರಿಗೆ ಬಂದ ದುಡ್ಡನ್ನೇನೋ ದೋಮಿತಿಲಾ ಮಿರ್ತಾಳ ಕಡೆಗೆ ತಿರುಗಿಸಿದ್ದಳು. ಜನರನ್ನು ಹೇಗೆ ತಿರುಗಿಸುವುದು?

ಅಕ್ಟೋಬರ್ ಮೊದಲ ವಾರ ಮಿರ್ತಾ ತೀರಿಕೊಂಡಳು. ಆ ಹೊತ್ತಿನಲ್ಲಿ ದೋಮಿತಿಲಾ ಯಜಮಾನಿತಿಯ ಮನೆಯಲ್ಲಿ ಕಿಟಕಿ ಒರೆಸುತ್ತಿದ್ದಳು. ಸಾನ್ ರಫಾಯೆಲ್‌ನಿಂದ ಬರಬೇಕಾಗಿದ್ದ ಮಿರ್ತಾಳ ತಂಗಿಗೆ ಬಸ್ಸಿನ ದುಡ್ಡು ಹೊಂದಲಿಲ್ಲ. ಮಣ್ಣಿಗೆ ಬಂದವರು ದೋಮಿತಿಲಾ ಮತ್ತು ಗುಂಡಿ ತೋಡಿದವರು, ಅಷ್ಟೇ.

ಅಕ್ಟೋಬರ್ ನಮಗೆ ಪವಾಡಗಳ ಸ್ವಾಮಿಯ ತಿಂಗಳು. ಕಾಯಿಲೆ ವಾಸಿಯಾದವರು ನೇರಳೆ ಬಣ್ಣದ ನಿಲುವಂಗಿ ತೊಟ್ಟು ಮೆರವಣಿಗೆಯ ಮುಂದೆ ನಡೆಯುತ್ತಾರೆ, ಆಮೇಲೆ ಚರ್ಚಿನಲ್ಲಿ ಎದ್ದು ನಿಂತು ತಮಗಾದ ಕೃಪೆಯನ್ನು ಹೇಳುತ್ತಾರೆ. ದೋಮಿತಿಲಾಳ ಪರವಾಗಿ ಸಾತುರ್ನಿನಾ ಯಾವತ್ತೋ ಹರಕೆ ಹೊತ್ತಿದ್ದಳು. ಅಳತೆ ತೆಗೆದುಕೊಳ್ಳದೆ ಕಣ್ಣಂದಾಜಿನಲ್ಲೇ ನಿಲುವಂಗಿ ಹೊಲಿದು ತಂದು ತೊಡಿಸಿದಳು. ಮಿರ್ತಾಳ ಗೋರಿಯ ಮಣ್ಣು ಇನ್ನೂ ಹಸಿಯಿತ್ತು. ದೋಮಿತಿಲಾ ನೇರಳೆ ತೊಟ್ಟು, ಮೇಣದಬತ್ತಿ ಹಿಡಿದು, ಸ್ವಾಮಿಯ ಮುಂದೆ ನಡೆದಳು. ಅವಳು ಅಳುವುದನ್ನು ಕಂಡು ದಾರಿಯುದ್ದಕ್ಕೂ ಜನ ಸಂತೋಷಪಟ್ಟರು.

ಎದ್ದು ನಿಲ್ಲುವ ಸರದಿ ಬಂತು. ಸ್ವಾಮಿಗೆ ಕೈಮುಗಿದು, ಒಂದು ಮಾತಿನಲ್ಲಿ ಮುಗಿಸಿ ಕೂತುಬಿಡಬೇಕೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಬಾಯಿ ತೆರೆದಾಗ ಬಂದದ್ದೇ ಬೇರೆ. "ನನಗೆ ಯಾವ ಕಾಯಿಲೇನೂ ಇರಲಿಲ್ಲ" ಎಂದಳು. ಮಿರ್ತಾಳ ಪೂರ್ತಿ ಹೆಸರು ಹೇಳಿದಳು. ಊರು ಹೇಳಿದಳು, ಅವಳು ಸತ್ತ ಆಸ್ಪತ್ರೆ ಹೇಳಿದಳು. ಆಣೆ ಮುರಿದದ್ದಕ್ಕೆ ತನ್ನ ಮಗಳನ್ನು ಕಾಪಾಡು ಎಂದು ಸ್ವಾಮಿಯನ್ನು ಬೇಡಿದಳು.

ಚರ್ಚಿನ ಅಂಗಳದಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಿಯೋಫಿಲೋ ಬಂದು, ಮೊದಲೇ ನಿಜ ಹೇಳಿದ್ದರೆ ನಾವೇನು ಬೇಡ ಅಂತಿದ್ದೆವಾ ಎಂದು ಕೇಳಿದ. ದೋಮಿತಿಲಾ ಅವನ ಮುಖವನ್ನೇ ನೋಡಿದಳು. ಮುದುಕ ನಾಟಕ ಆಡುತ್ತಿರಲಿಲ್ಲ. ತಾನು ಆಡಿದ ಮಾತು ಅವನಿಗೆ ನಿಜಕ್ಕೂ ಮರೆತುಹೋಗಿತ್ತು.

ಸಾತುರ್ನಿನಾ ಮಾತ್ರ ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು.

"ದುಡ್ಡು ಹಾಳಾಗ್ಲಿ. ನನ್ನನ್ನ ಯಾಕೆ ಕೇಳ್ಲಿಲ್ಲ ನೀನು? ಜೂನ್‌ನಿಂದ ನನ್ನ ಕೋಣೆ ಆ ಆಸ್ಪತ್ರೆ ಗೇಟಿನ ಎದುರಿಗೇನೆ. ದಿನಾ ಬೆಳಗ್ಗೆ ಸಂಜೆ ಅದರ ಮುಂದೇನೇ ಗಾಡಿ ತಳ್ಕೊಂಡು ಹೋಗ್ತಿದ್ದೆ. ಒಳಗೆ ಹೋಗಿ ಆ ಹುಡುಗಿ ಪಕ್ಕ ಕೂರ್ತಿರ್ಲಿಲ್ವಾ ನಾನು?"

ಕೂರುತ್ತಿದ್ದಳು. ಅದರಲ್ಲಿ ದೋಮಿತಿಲಾಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಅವಳು ಕೇಳಿದ್ದು ಒಬ್ಬ ತಿಯೋಫಿಲೋನನ್ನು. ಅವನೊಬ್ಬ ಆಗದು ಎಂದದ್ದಕ್ಕೆ ಪೆರುವಿನವರೆಲ್ಲ ಆಗದು ಎಂದರೆಂದು ತಿಳಿದು ಮನೆಗೆ ಬಂದಿದ್ದಳು.