ತ್ಯಾಗರಾಜನಗರದಲ್ಲೊಬ್ಬ ಟಗ್ಗಿನವ

ಮೀನು ತಿನ್ನುತ್ತೀರಾ ಎಂಬ ಪ್ರಶ್ನೆಗೆ ನಿಜ ಹೇಳಿ ಮೂರು ಬಾಡಿಗೆ ಮನೆ ಕಳೆದುಕೊಂಡಿದ್ದೆ. ನಾಲ್ಕನೆಯದಕ್ಕೆ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೇ ಹೋದೆ. ಆದರೆ ಬೆಂಗಳೂರಿನ ತ್ಯಾಗರಾಜನಗರದ ಆ ಮಾಲೀಕರು ನನ್ನನ್ನು ಹಿಡಿದದ್ದು ಟಗರಿನ ವಿಷಯದಲ್ಲಿ.

ಹೆಂಡತಿ ಸುಮನಾಳಿಗೆ ಬನಶಂಕರಿಯ ಬ್ಯಾಂಕೊಂದಕ್ಕೆ ವರ್ಗವಾಗಿತ್ತು. ಕಾರವಾರದಲ್ಲಿ ಹದಿನೆಂಟು ವರ್ಷ ಟಗ್ ದೋಣಿಯ ಎಂಜಿನ್ ನೋಡಿಕೊಂಡಿದ್ದ ನಾನು ಕೆಲಸ ಬಿಟ್ಟು ಅವಳ ಹಿಂದೆ ಬಂದೆ. ಅವಳು ಕೆಲಸಕ್ಕೆ ಹಾಜರಾಗಲು ಎರಡೇ ದಿನ ಉಳಿದಿತ್ತು. ಮಾಲೀಕ ರುದ್ರಪ್ಪನವರು ನಿವೃತ್ತ ಗಣಿತ ಮೇಷ್ಟರು. ಊರಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಟಗ್ಗಿನಲ್ಲಿದ್ದೆ, ಬಾರ್ಜ್ ಎಳೆಯುತ್ತಿದ್ದೆವು ಎಂದೆ.

ಅವರ ಮುಖ ಬಿಗಿಯಿತು. "ಇದು ಶಿವಪೂಜೆ ನಡೆಯೋ ಮನೆ ಕಣ್ರೀ. ಟಗರು ಸಾಕೋರಿಗೂ ಬಾರ್ ನಡೆಸೋರಿಗೂ ಕೊಡೋಕಾಗಲ್ಲ."

ನಮ್ಮೂರಲ್ಲಿ ಟಗ್, ಬಾರ್ಜ್ ಅಂದರೇನೆಂದು ಯಾರಿಗೂ ವಿವರಿಸಬೇಕಿಲ್ಲ. ಸಂಜೆ ದಂಡೆಯ ಮೇಲೆ ನಿಂತರೆ ಎರಡೂ ಕಾಣುತ್ತವೆ. ಇಲ್ಲಿ ಕಾಣುವ ನೀರೆಲ್ಲ ಟ್ಯಾಂಕರ್ ಲಾರಿಯಲ್ಲಿ ಬರುತ್ತದೆ. ಅಷ್ಟರಲ್ಲಿ ಅವರ ಹೆಂಡತಿ ಪಾರ್ವತಮ್ಮ ತಟ್ಟೆಯಲ್ಲಿ ಕೋಡುಬಳೆ, ಲೋಟದಲ್ಲಿ ಕಾಫಿ ತಂದಿಟ್ಟರು. ತಟ್ಟೆಯೇ ಬಾರ್ಜ್ ಅಂದುಕೊಳ್ಳಿ ಎಂದೆ. ಚಪ್ಪಟೆ, ಅಗಲ, ಸರಕೆಲ್ಲ ಇದರ ಮೇಲೆಯೇ. ಆದರೆ ಹೆಚ್ಚಿನವಕ್ಕೆ ಸ್ವಂತ ಎಂಜಿನ್ ಇಲ್ಲ, ಬಿಟ್ಟಲ್ಲೇ ಬಿದ್ದಿರುತ್ತವೆ. ಲೋಟ ಟಗ್. ಪುಟ್ಟದು, ಸರಕು ಹೊರುವುದಿಲ್ಲ, ಹೊಟ್ಟೆ ತುಂಬ ಎಂಜಿನ್. ಹಗ್ಗ ಕಟ್ಟಿ ಎಳೆಯುತ್ತದೆ, ಇಲ್ಲವೇ ಮೂತಿಯಿಟ್ಟು ದೂಡುತ್ತದೆ. ತೋರಿಸಲು ಹೋಗಿ ಲೋಟದಿಂದ ತಟ್ಟೆಯನ್ನು ಟೀಪಾಯಿಯ ಆ ತುದಿಗೆ ದೂಡಿದೆ. ಅರ್ಧ ಕಾಫಿ ಅವರ ದಿನಪತ್ರಿಕೆಯ ಮೇಲೆ ಚೆಲ್ಲಿತು. ಮನೆ ಹೋಯಿತು ಅಂದುಕೊಂಡೆ.

ಮೇಷ್ಟರು ಪತ್ರಿಕೆಯತ್ತ ನೋಡಲೇ ಇಲ್ಲ. "ಗಾತ್ರವೆಲ್ಲ ಅದಕ್ಕೆ, ಶಕ್ತಿಯೆಲ್ಲ ಇದಕ್ಕೆ. ಇದ್ಯಾವ ಲೆಕ್ಕ?" ಎಂದರು.

"ನಲವತ್ತು ವರ್ಷದಿಂದ ಈ ಮನೇಲಿ ಇದೇ ಲೆಕ್ಕ ನಡೀತಿರೋದು," ಎಂದು ಪಾರ್ವತಮ್ಮ ಬಟ್ಟೆ ತಂದು ಕಾಫಿ ಒರೆಸಿದರು. "ನೀವು ಕೂತಿರ್ತೀರಿ, ನಾನು ದೂಡ್ತಿರ್ತೀನಿ."

ಮೇಷ್ಟರು ಕೂತಲ್ಲಿಂದಲೇ, ಇವರಿಗೆ ಮನೆ ಕೀಲಿ ತಂದುಕೊಡು ಎಂದರು. ಕೀಲಿ ಕೊಡುವಾಗ ಪಾರ್ವತಮ್ಮ ನನಗಷ್ಟೇ ಕೇಳುವಂತೆ, "ಕಾರವಾರದೋರು ಮೀನು ತಿನ್ನಲ್ಲ ಅಂದ್ರೆ ನಾನು ನಂಬಲ್ಲಪ್ಪಾ. ಹೊರಗಡೆ ತಿನ್ಕೊಂಡು ಬನ್ನಿ," ಎಂದರು. ಬಾಯಿಪಾಠ ಮಾಡಿದ್ದ ಸುಳ್ಳನ್ನು ಹೇಳಬೇಕಾಗಿಯೇ ಬರಲಿಲ್ಲ. ಈಗ ಭಾನುವಾರಗಳಂದು ನಾವಿಬ್ಬರೂ ಬಿಟಿಎಂ ಲೇಔಟಿಗೆ ಹೋಗಿ ಬಂಗುಡೆ ಮೀನು ತಿಂದು, ಏಲಕ್ಕಿ ಜಗಿಯುತ್ತ ಮನೆಗೆ ಬರುತ್ತೇವೆ.

ಮೊದಲ ತಿಂಗಳುಗಳು ಬೇಸರದವು. ಬಂದರಿನಲ್ಲಿ ಹತ್ತು ಹೆಜ್ಜೆಗೊಬ್ಬರು ಹೆಸರು ಹಿಡಿದು ಕೂಗುತ್ತಿದ್ದರು. ಇಲ್ಲಿ ತರಕಾರಿಯವನಿಂದ ಹಿಡಿದು ಆಟೊದವನವರೆಗೆ ಎಲ್ಲರಿಗೂ ನಾನು ಬರೀ 'ಸಾರ್'. ಕಡೆಗೆ ಮೇಷ್ಟರೇ ಪರಿಚಯದವರಿಗೆ ಹೇಳಿ, ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ ಕೊಡಿಸಿದರು. ನನ್ನನ್ನು ಅವರು ಪರಿಚಯಿಸುವುದು 'ನಮ್ಮ ಟಗ್ಗಿನವರು' ಎಂದು. ಟಗ್ ಎಂದರೇನೆಂದು ಯಾರಾದರೂ ಕೇಳಲಿ ಎಂದು ಕಾಯುತ್ತಾರೆ. ಕೇಳಿದರೆ ತಟ್ಟೆ, ಲೋಟ ತರಿಸುತ್ತಾರೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಹಳೆಯ ಟಗ್ ಹತ್ತಿದೆ. ಅರ್ಧ ಗಂಟೆಯಲ್ಲಿ ಕಂಬಿ ಹಿಡಿದು ವಾಂತಿ ಮಾಡಿದೆ. ಹಳೆಯ ಗೆಳೆಯರು ಬೆನ್ನು ತಟ್ಟಿದರು. ಬೆಂಗಳೂರಿನವರಿಗೆ ಮೊದಮೊದಲು ಹೀಗೇ ಆಗುತ್ತದೆ ಎಂದು ಒಬ್ಬ ಸಮಾಧಾನ ಹೇಳಿದ.

ಜೆ.ಪಿ. ನಗರಕ್ಕೆ ಮರಳಿದ ದಿನವೇ ಕರೆಂಟ್ ಹೋಯಿತು. ಜನರೇಟರ್ ಚಾಲೂ ಮಾಡಿದೆ. ಗೇಟಿನ ವಾಚ್‌ಮನ್ ಬಂದು ನನ್ನ ಕಾಲು ನೋಡುತ್ತ, "ಯಾಕ್ ಸಾರ್ ಯಾವಾಗಲೂ ಹಿಂಗೆ ಕಾಲಗಲಿಸ್ಕೊಂಡು ನಿಂತ್ಕೊತೀರಾ?" ಎಂದ. ಇಲ್ಲಿನ ನೆಲ ಟಗ್ಗಿನ ಹಾಗೆ ಅಲುಗುವುದಿಲ್ಲವೆಂದು ನನಗೂ ಗೊತ್ತು. ಆದರೂ ಎಂಜಿನ್ ನಿಲ್ಲುವವರೆಗೆ ಹಾಗೇ ನಿಂತಿದ್ದೆ.