ಕ್ಯಾಮೆರಾ ದೊಡ್ಡದಿದ್ದರೆ ಕುರ್ಚಿ ಸಿಗುತ್ತದೆ

"ಸರ್, ಮೇಡಂಗೆ ಇದು ಧಾರಾಳ ಸಾಕು."

ಕಾರವಾರದ ಅಂಗಡಿಯಲ್ಲಿ ಮಾತು ಶುರುವಾದದ್ದೇ ಹೀಗೆ. ಕ್ಯಾಮೆರಾ ಬೇಕಾಗಿದ್ದದ್ದು ನನಗೆ. ವಾರಗಟ್ಟಲೆ ಸೈಬರ್ ಕೆಫೆಯಲ್ಲಿ ಕೂತು ಓದಿಕೊಂಡು ಬಂದವಳು ನಾನು. ಕೌಂಟರಿನ ಮುಂದೆ ನಿಂತು ಕೇಳಿದವಳೂ ನಾನೇ. ಸೇಲ್ಸ್‌ಮನ್ ಉತ್ತರ ಕೊಟ್ಟದ್ದು ಮಾತ್ರ ನನ್ನ ಯಜಮಾನರಿಗೆ. ಅವರು ಪಾಪ, ಫ್ಯಾನಿನ ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

ನನ್ನ ಮುಂದಿದ್ದ ಪ್ರಶ್ನೆ ಸಣ್ಣದು. ಒಂದು, ಉದ್ದ ಮೂತಿಯ ಸೂಪರ್‌ಜೂಮ್. ಹದಿನೆಂಟು ಪಟ್ಟು ಹತ್ತಿರ ತೋರಿಸುತ್ತದೆ, ಕುತ್ತಿಗೆಗೆ ನೇತುಹಾಕಿಕೊಳ್ಳಬೇಕು. ಇದಕ್ಕೆ ಬ್ರಿಜ್ ಕ್ಯಾಮೆರಾ ಎನ್ನುತ್ತಾರೆ. (ಕಾಳಿ ನದಿಯ ಸೇತುವೆಯ ಫೋಟೋ ತೆಗೆಯುವ ಕ್ಯಾಮೆರಾ ಎಂದೇ ನಮ್ಮವರು ತಿಳಿದಿದ್ದರು. ಸಾದಾ ಕ್ಯಾಮೆರಾಕ್ಕೂ ಸ್ಟುಡಿಯೋದವರ ಕ್ಯಾಮೆರಾಕ್ಕೂ ನಡುವಿನದು ಎಂದು ವಿವರಿಸುವಷ್ಟರಲ್ಲಿ ಬಸ್ಸು ಅಮದಳ್ಳಿ ದಾಟಿತ್ತು.) ಇನ್ನೊಂದು, ಈಗಷ್ಟೇ ಬಂದಿರುವ ಪಾಕೆಟ್ ಸೂಪರ್‌ಜೂಮ್. ಸೋಪಿನ ಡಬ್ಬಿಯಷ್ಟು ಗಾತ್ರ. ಸ್ವಿಚ್ ಒತ್ತಿದರೆ ಆಮೆಯ ತಲೆಯ ಹಾಗೆ ಲೆನ್ಸು ಹೊರಬರುತ್ತದೆ. ಹತ್ತು ಪಟ್ಟು ಜೂಮ್. ಬೆಲೆಯಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ.

"ದೊಡ್ಡದು ಯಾಕೆ ಸರ್? ಭಾರ. ಇದು ನೋಡಿ, ಲೇಡೀಸ್ ಪರ್ಸಿನಲ್ಲಿ ಕೂರ್ತದೆ. ಪಿಂಕ್ ಕಲರ್ ಕೂಡ ಅದೆ."

ಪಿಂಕ್!

ನನಗೆ ನಲವತ್ತಾರು ವರ್ಷ. ಇಪ್ಪತ್ತೊಂದು ವರ್ಷದಿಂದ ಅಂಕೋಲೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಬೆಳಕು, ಮಸೂರ, ಸಂಗಮ ದೂರ ಎಲ್ಲ ಬೋರ್ಡಿನ ಮೇಲೆ ಬರೆದು ಬರೆದು ಬೆರಳು ಸವೆದಿದೆ. ಬೇಲೆಕೇರಿ ಹೊಳೆಯ ಬದಿಗೆ ಬರುವ ಹಕ್ಕಿಗಳ ಫೋಟೋ ತೆಗೆದು ಮಕ್ಕಳಿಗೆ ತೋರಿಸಬೇಕು ಎಂಬುದು ನನ್ನ ಆಸೆ. ಮಿಂಚುಳ್ಳಿಗೆ ನನ್ನ ಕ್ಯಾಮೆರಾದ ಬಣ್ಣ ಕಟ್ಟಿಕೊಂಡು ಏನಾಗಬೇಕು?

ನನ್ನ ದನಿ ಏರಿತು. ಗಲ್ಲಾದಲ್ಲಿದ್ದ ಮಾಲೀಕರು ಎದ್ದು ಬಂದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡು, "ಅಕ್ಕೋರೇ, ಎರಡರದ್ದೂ ಡೆಮೋ ಪೀಸ್ ಅದೆ. ಮನೆಗೆ ತಕಂಡು ಹೋಗಿ. ಸೋಮವಾರ ಒಂದು ವಾಪಸ್ ತನ್ನಿ, ಸಾಕು," ಎಂದರು. (ನಮ್ಮ ಕಡೆ ಶಿಕ್ಷಕಿಯರು ಎಲ್ಲರಿಗೂ ಅಕ್ಕೋರೇ. ಆ ಒಂದು ಮರ್ಯಾದೆ ಇನ್ನೂ ಉಳಿದಿದೆ.)

ಹೀಗೆ ಶುಕ್ರವಾರ ಸಂಜೆ ಎರಡು ಕ್ಯಾಮೆರಾಗಳೊಡನೆ ಮನೆಗೆ ಬಂದೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು, ದೊಡ್ಡದನ್ನು ಕುತ್ತಿಗೆಗೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೋದೆ. ಯಾವ ಮಾರ್ಕೆಟ್ಟು? ಅಂಕೋಲೆ ಮತ್ತು ಕಾರವಾರದ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. (ಹೆಸರು ಹೇಳಿದರೆ ನಾಳೆಯಿಂದ ನನಗೆ ಅಲ್ಲಿಯ ಕಚೇರಿಯಲ್ಲಿ ಒಂದು ಅರ್ಜಿ ಫಾರಮ್ಮೂ ಸಿಗುವುದಿಲ್ಲ.) ಒಂದು ಕಡೆ ಮೀನಿನ ಕಟ್ಟೆ, ಪಕ್ಕದಲ್ಲಿ ಬಸಳೆ, ಹರಿವೆ ಮಾರುವ ಹಾಲಕ್ಕಿ ಒಕ್ಕಲ ಹೆಂಗಸರ ಸಾಲು. ರಸ್ತೆಯ ಆಚೆ ಮಾರ್ಕೆಟ್ಟನ್ನು ನೋಡಿಕೊಳ್ಳುವ ಕಚೇರಿ.

ಹತ್ತು ವರ್ಷದಿಂದ ನಾನು ಮೀನು ಕೊಳ್ಳುವುದು ದೇವಕಿಯ ಹತ್ತಿರ. ನನ್ನದೇ ವಯಸ್ಸು. ಬಂಗಡೆ ತಾಜಾ ಇಲ್ಲದಿದ್ದರೆ ತಾನೇ "ಇವತ್ತು ಬ್ಯಾಡ, ಹೋಗಿ" ಎಂದು ಅಟ್ಟುವವಳು. ಕ್ಯಾಮೆರಾ ನೋಡಿ ಕಟ್ಟೆಯೆಲ್ಲ ನಕ್ಕಿತು. ಒಬ್ಬಳು ಮುಡಿ ಸರಿಮಾಡಿಕೊಂಡಳು. ಇನ್ನೊಬ್ಬಳು ಶೆಟ್ಲಿ ಸಿಗಡಿಯ ಟಬ್ ಎತ್ತಿ ಹಿಡಿದಳು. ದೇವಕಿ ಮಾತ್ರ ನಗಲಿಲ್ಲ.

"ಅಕ್ಕೋರೇ, ಹಕ್ಕಿ ಫೋಟೋ ತೆಗೂಕೆ ಹೊಳೆಗೆ ಹೋತ್ರಿ. ಇಲ್ಲಿದ್ದದ್ದು ಕಾಣೂದಿಲ್ವಾ ನಿಮ್ಗೆ?"

"ಏನೇ ಅದು?"

ಅವಳು ಗದ್ದ ಎತ್ತಿ ತೋರಿಸಿದಳು. ಕಟ್ಟೆಯ ಹಿಂದೆ ಗುಲಾಬಿ ಬಣ್ಣ ಹೊಡೆದ ಸಣ್ಣ ಕಟ್ಟಡ. ಗೋಡೆಯ ಮೇಲೆ 'ಮಹಿಳೆಯರಿಗೆ' ಎಂದು ಬರೆದಿದೆ. ಬಾಗಿಲಿಗೆ ಅಂಗೈಯಷ್ಟು ಅಗಲದ ಬೀಗ.

"ಕಟ್ಟಿ ವರ್ಷ ಆತು. ಟೇಪು ಕತ್ತರಿಸಿ, ಪೇಡೆ ಹಂಚಿ ಹೋದ್ರು. ಅವತ್ತು ಹಾಕಿದ ಬೀಗ. ಚಾವಿ ಕೇಳೂಕೆ ಕಚೇರಿಗೆ ಹೋದ್ರೆ ಕಂತ್ರಾಟದಾರನ ಹತ್ರ ಅದೆ ಅಂತ್ರು. ಅವ ಎಲ್ಲಿ ಕೇಳಿದ್ರೆ, ಹುಬ್ಬಳ್ಳಿ ಬದಿಗೆ ಹೋಗಾನೆ ಅಂತ್ರು."

ಬೆಳಿಗ್ಗೆ ಆರಕ್ಕೆ ಬಂದು ಕೂರುವ ಹೆಂಗಸರು. ಏಳುವುದು ಮಧ್ಯಾಹ್ನ ಒಂದಕ್ಕೆ. ಮನೆಯಿಂದ ಹೊರಡುವಾಗಲೇ ನೀರು ಕುಡಿಯುವುದು ನಿಲ್ಲಿಸುತ್ತಾರಂತೆ. ದೇವಕಿ ಹೋದ ತಿಂಗಳು ಎಂಟು ದಿನ ಕಟ್ಟೆಗೆ ಬಂದಿರಲಿಲ್ಲ. ಜ್ವರ ಎಂದುಕೊಂಡಿದ್ದೆ. ಮೂತ್ರದ ಸೋಂಕು ಮೇಲೇರಿ ಆಸ್ಪತ್ರೆಯಲ್ಲಿ ಮಲಗಿದ್ದಳು ಎಂಬುದು ಗೊತ್ತಾದದ್ದು ಈಗ.

"ಡಾಕ್ಟ್ರು ನೀರು ಕುಡಿ, ನೀರು ಕುಡಿ ಅಂತ್ರು. ಕುಡದ್ರೆ ಹೋಗೂದೆಲ್ಲಿಗೆ, ನೀವೇ ಹೇಳಿ."

ಒಂದು ವರ್ಷದಿಂದ ವಾರಕ್ಕೆ ಮೂರು ಸಲ ಆ ಬೀಗದ ಮುಂದೆಯೇ ಮೀನಿನ ಚೀಲ ಹಿಡಿದು ಓಡಾಡಿದ್ದೇನೆ. ಗೋಡೆಯ ಬಣ್ಣ ಚೆನ್ನಾಗಿದೆ ಎಂದು ಒಮ್ಮೆ ಅನಿಸಿದ್ದೂ ನೆನಪಿದೆ. ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟೂ ಬರುತ್ತದೆ. ನೇರ ಕಚೇರಿಗೆ ಹೋದೆ.

ಒಳಗೆ ಹೆಜ್ಜೆ ಇಟ್ಟದ್ದಷ್ಟೇ. ಮೇಜಿನ ಹಿಂದಿದ್ದ ಗುಮಾಸ್ತ ನನ್ನ ಮುಖ ನೋಡಲಿಲ್ಲ. ಎದೆಯ ಮೇಲೆ ತೂಗುತ್ತಿದ್ದ ಉದ್ದ ಮೂತಿಯನ್ನು ನೋಡಿದ. ಎದ್ದು ನಿಂತ. ಫೈಲು ತೆಗೆದು ಕುರ್ಚಿ ಖಾಲಿ ಮಾಡಿದ. ಕರ್ಚೀಫಿನಿಂದ ಒರೆಸಿಯೂ ಕೊಟ್ಟ!

"ಬನ್ನಿ ಮೇಡಂ, ಕುಂತ್ಕಳಿ. ಯಾವ ಪೇಪರ್ರು?"

ನಾನು ಇಲ್ಲ ಎನ್ನಲಿಲ್ಲ. ಹೌದು ಎಂದೂ ಹೇಳಲಿಲ್ಲ. ಕುರ್ಚಿ ಸುಖವಾಗಿತ್ತು. (ಒಪ್ಪಿಕೊಳ್ಳುತ್ತೇನೆ.) ಚಾವಿಯ ಮಾತೆತ್ತಿದೆ. ಅದೇ ಉತ್ತರ. ಕಂತ್ರಾಟದಾರ, ಹುಬ್ಬಳ್ಳಿ, ಪತ್ರ ಬರೆದಿದ್ದೇವೆ, ಫಾಲೋಅಪ್ ಮಾಡುತ್ತಿದ್ದೇವೆ. ಸೋಡಾ ತರಿಸಲಾ ಎಂದು ಕೇಳಿದ. ಬೇಡವೆಂದು ಎದ್ದು ಬಂದೆ.

ಕಟ್ಟೆಗೆ ಮರಳಿ ನಿಂತವಳು, ಬೇರೇನೂ ತೋಚದೆ ಕ್ಯಾಮೆರಾವನ್ನು ಆ ಕಚೇರಿಯ ಕಿಟಕಿಗೆ ತಿರುಗಿಸಿದೆ. ಜೂಮ್ ಒತ್ತಿದೆ. ಕಿಟಕಿಯ ಸರಳು ಹತ್ತಿರ ಬಂತು. ಗುಮಾಸ್ತನ ಕಿವಿ ಬಂತು. ಅವನ ಹಿಂದಿನ ಗೋಡೆ ಬಂತು. ಗೋಡೆಯ ಮೇಲೊಂದು ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗಳಲ್ಲಿ ಚಾವಿಗಳು. ಒಂದು ಚಾವಿಗೆ ಹಳದಿ ರಟ್ಟಿನ ಚೀಟಿ ಕಟ್ಟಿತ್ತು. ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿದೆ. ಪರದೆಯ ಮೇಲೆ ದೊಡ್ಡದು ಮಾಡಿದೆ.

'ಮಹಿಳಾ ಶೌಚಾಲಯ.' ಅಕ್ಷರ ದುಂಡಗಿತ್ತು.

ಇಷ್ಟು ಹತ್ತಿರ! ಆ ಮನುಷ್ಯ ದಿನವಿಡೀ ಆ ಚೀಟಿಗೆ ಬೆನ್ನು ಹಾಕಿ ಕೂರುತ್ತಾನೆ. ಹೆಂಗಸರು ಬಂದು ಕೇಳಿದಾಗಲೆಲ್ಲ ಹುಬ್ಬಳ್ಳಿಯ ಕಥೆ ಹೇಳುತ್ತಾನೆ. ಸುಳ್ಳನ್ನು ಬಚ್ಚಿಡುವ ಕಷ್ಟವನ್ನೂ ತೆಗೆದುಕೊಂಡಿಲ್ಲ. ಯಾಕೆ ತೆಗೆದುಕೊಳ್ಳಬೇಕು? ಕೇಳುವವರು ಮೀನಿನ ಹೆಂಗಸರು ತಾನೇ?

ಮತ್ತೆ ಒಳಗೆ ಹೋಗಿ ಪರದೆಯನ್ನು ಅವನ ಮೂಗಿನ ಮುಂದೆ ಹಿಡಿದೆ. ಅವನು ತಿರುಗಿ ಗೋಡೆ ನೋಡಿದ. "ಓಹೋ! ಇಲ್ಲೇ ಇತ್ತಾ?" ಎಂದ. ಹೊಸದಾಗಿ ಕಂಡ ಹಾಗೆ. ಅವನ ಮುಖದಲ್ಲಿ ಆಶ್ಚರ್ಯವೂ ಇತ್ತು ಮಾರಾಯರೇ!

ಬಾಗಿಲು ತೆರೆಯಿತು. ಒಳಗೆ ಏನಿತ್ತು ಗೊತ್ತೇ? ಬ್ಲೀಚಿಂಗ್ ಪೌಡರಿನ ಚೀಲ, ಮುರಿದ ಪ್ಲಾಸ್ಟಿಕ್ ಕುರ್ಚಿ, ಉದ್ಘಾಟನೆಯ ದಿನದ ಬ್ಯಾನರು. ಗೋಡೌನ್ ಮಾಡಿಕೊಂಡಿದ್ದರು. ಹೆಂಗಸರೇ ಎಲ್ಲ ಎಳೆದು ಹೊರಗಿಟ್ಟರು, ಕೊಡದಲ್ಲಿ ನೀರು ತಂದು ತೊಳೆದರು. ಗುಮಾಸ್ತ ನನ್ನ ಕ್ಯಾಮೆರಾದ ಎದುರು ಬಾಗಿಲಿಗೆ ಕೈ ಇಟ್ಟು ನಿಂತ, ಫೋಟೋಕ್ಕೆ.

ಭಾನುವಾರ ಬೇಲೆಕೇರಿಗೆ ಹೋದೆ. ಎರಡೂ ಕ್ಯಾಮೆರಾಗಳ ನಿಜವಾದ ಪರೀಕ್ಷೆ. ದೊಡ್ಡದು ಭಾರ ಹೌದು. ನಾಲ್ಕು ಪೆನ್ಸಿಲ್ ಸೆಲ್ಲುಗಳನ್ನು ಮಧ್ಯಾಹ್ನದೊಳಗೆ ತಿಂದು ಮುಗಿಸಿತು. ಆದರೆ ಕಣ್ಣಿಗಿಟ್ಟು ನೋಡುವ ಕಿಂಡಿ ಇದೆ, ಬಿಸಿಲಿನಲ್ಲೂ ಹಕ್ಕಿ ಕಾಣುತ್ತದೆ. ಸಣ್ಣದರಲ್ಲಿ ಕಿಂಡಿಯೇ ಇಲ್ಲ. ಬಿಸಿಲಿಗೆ ಪರದೆಯಲ್ಲಿ ನನ್ನ ಮುಖವೇ ಕಂಡಿತು. ಕೈ ಅಲುಗಿ ಮಿಂಚುಳ್ಳಿ ಒಂದು ನೀಲಿ ಕಲೆಯಾಯಿತು. ಆದರೆ ಚೀಲದಲ್ಲಿದ್ದದ್ದೇ ಮರೆತುಹೋಗುವಷ್ಟು ಹಗುರ. ಮನಸ್ಸು ಅತ್ತಿತ್ತ ತೂಗುತ್ತಿತ್ತು.

ಸೋಮವಾರ ಅರ್ಧ ದಿನ ರಜೆ ಹಾಕಿ ಕಾರವಾರಕ್ಕೆ ಹೊರಟೆ. ದೊಡ್ಡದು ಡಬ್ಬದೊಳಗೆ, ಸಣ್ಣದು ಕೈಯಲ್ಲಿ. ಬಸ್ಸಿಗೆ ಹೊತ್ತಿತ್ತು, ಮಾರ್ಕೆಟ್ಟಿಗೆ ಇಣುಕಿದೆ.

ಗುಲಾಬಿ ಕಟ್ಟಡಕ್ಕೆ ಬೀಗ!

ಕಚೇರಿಗೆ ಹೋದೆ. ಅದೇ ಸೀರೆಯಲ್ಲದಿದ್ದರೂ ನನ್ನದು ಅದೇ ಮುಖ, ಅದೇ ಕನ್ನಡಕ. ಗುಮಾಸ್ತ ತಲೆ ಎತ್ತದೆ, "ಏನು? ಹೊರಗೆ ನಿಲ್ಲಿ, ಕರೀತೇವೆ," ಎಂದ.

"ಶನಿವಾರ ತೆರೆದಿದ್ದಿರಲ್ಲ, ಮತ್ತೆ ಯಾಕೆ ಬೀಗ?"

"ಅದು ಪೇಪರ್‌ನವರು ಬಂದಿದ್ರು. ಫೋಟೋಕ್ಕೆ ತೆಗೆದದ್ದು."

"ಆ ಪೇಪರ್‌ನವರು ನಾನೇ."

ಅವನು ಈಗ ನೋಡಿದ. ಮುಖವನ್ನಲ್ಲ, ಕೈಯನ್ನು. ಸೋಪಿನ ಡಬ್ಬಿ ಕಂಡಿತು. "ಇದಾ? ಇದು ಮೊಬೈಲಲ್ವಾ?" ಎಂದು ನಕ್ಕ.

ನಾನು ಅಲ್ಲಿ ನಿಂತು ಲೆಕ್ಕ ಹಾಕಿದೆ. ಎರಡು ದಿನದಲ್ಲಿ ನನ್ನ ಬುದ್ಧಿ ಕಡಿಮೆಯಾಗಿಲ್ಲ, ನಾಲಿಗೆ ಕಡಿಮೆಯಾಗಿಲ್ಲ. ಕಡಿಮೆಯಾದದ್ದು ಎದೆಯ ಮೇಲಿನ ಒಂದು ಗೇಣು ಕಪ್ಪು ಪ್ಲಾಸ್ಟಿಕ್. ಅಷ್ಟಕ್ಕೇ ಕುರ್ಚಿ ಹೋಯಿತು, ಸೋಡಾ ಹೋಯಿತು, ಮೇಡಂ ಎಂಬ ಮಾತೂ ಹೋಯಿತು!

ಒಳಕೋಣೆಯಲ್ಲಿ ಸಾಹೇಬರಿದ್ದರು. ಗುಮಾಸ್ತ ತಡೆಯುವ ಮೊದಲೇ ನುಗ್ಗಿದೆ. ಭಾನುವಾರ ಸಂಜೆ ಸ್ಟುಡಿಯೋದಲ್ಲಿ ಚಾವಿಯ ಫೋಟೋ ಪ್ರಿಂಟ್ ಹಾಕಿಸಿಕೊಂಡಿದ್ದೆ. ಅವರ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದೆ. ದೇವಕಿಯ ಆಸ್ಪತ್ರೆ, ಹುಬ್ಬಳ್ಳಿಯ ಸುಳ್ಳು, ಫೋಟೋಕ್ಕೆ ಮಾತ್ರ ತೆರೆದ ಬಾಗಿಲು. ಅವರು ಫೋಟೋವನ್ನು ಬೆಳಕಿಗೆ ಹಿಡಿದರು. ಹತ್ತಿರ ತಂದರು. ದೂರ ಹಿಡಿದರು. ಆಮೇಲೆ ಬಾಯಿ ತೆರೆದರು.

"ಕ್ಲಾರಿಟಿ ಚೆನ್ನಾಗಿದೆ ಮೇಡಂ. ಎಷ್ಟು ಜೂಮ್ ಇದು? ನಮ್ಮ ಮಗಳಿಗೆ ಒಂದು ತಗೋಬೇಕು ಅಂತ ಇದ್ದೆ."

ಫೋಟೋವನ್ನು ಅವರ ಕೈಯಿಂದ ಕಿತ್ತುಕೊಂಡೆ. ಹೊರಗೆ ಬಂದು ದೇವಕಿಗೆ ಹೇಳಿದೆ. ಅಳು ಬಂದಿತ್ತು, ಸಿಟ್ಟಿನ ಅಳು.

ಅವಳು ಕತ್ತಿಯನ್ನು ಟಬ್ಬಿನ ಅಂಚಿಗೆ ಒರೆಸಿದಳು.

"ಜೂಮ್ ಕೇಳ್ದ್ರಾ? ಆತು. ಹತ್ರದಿಂದಲೇ ಕಾಣ್ಲಿ."

ಬುಟ್ಟಿ ಎತ್ತಿ ತಲೆಗಿಟ್ಟಳು. ಒಬ್ಬಳೆದ್ದರೆ ಕಟ್ಟೆಯೇ ಎದ್ದಿತು. ಹತ್ತು ಹನ್ನೆರಡು ಹೆಂಗಸರು ರಸ್ತೆ ದಾಟಿ, ಕಚೇರಿಯ ಮೆಟ್ಟಿಲ ಮೇಲೆ, ವರಾಂಡದಲ್ಲಿ, ಗುಮಾಸ್ತನ ಮೇಜಿನ ಬುಡದಲ್ಲಿ ಬುಟ್ಟಿ ಇಳಿಸಿದರು. ಬಂಗಡೆ, ತಾರ್ಲೆ, ಶೆಟ್ಲಿ. ಮಂಜುಗಡ್ಡೆ ಕರಗಿದ ನೀರು ಟೈಲ್ಸಿನ ಮೇಲೆ ಹರಿಯಿತು. ಬಸಳೆಯ ಹೆಂಗಸರು ಬಾಗಿಲಿಗೆ ಅಡ್ಡ ಕೂತರು.

"ಏಯ್, ಏನಿದು? ಏಳಿ!" ಗುಮಾಸ್ತ ಕೂಗಿದ.

"ಕಚೇರಿಯಲ್ಲಿ ಹೆಂಗಸ್ರಿಗೆ ಪಾಯಖಾನೆ ಅದೆ ಅಲ್ರಾ?" ದೇವಕಿ ಮೀನು ಹೆಚ್ಚುತ್ತಲೇ ಕೇಳಿದಳು. "ಅದ್ಕೇ ಬಂದದ್ದು. ಇನ್ನು ವ್ಯಾಪಾರ ಇಲ್ಲೇ. ಗಿರಾಕಿಗೂ ನೆರಳು ಆತು."

ಗಿರಾಕಿಗಳು ಬರತೊಡಗಿದರು. ನೊಣಗಳೂ ಬಂದವು. ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಿಗೆ ಬಂದರು, ದಾಟಲು ಜಾಗವಿಲ್ಲದೆ ನಿಂತರು. ಯಾರೂ ಅವರನ್ನು ಬೈಯಲಿಲ್ಲ. ಯಾರೂ ಏಳಲಿಲ್ಲ. ಕೊನೆಗೆ ಅವರೇ ಗುಮಾಸ್ತನತ್ತ ತಿರುಗಿ, "ಕೊಡ್ರೀ ಅದನ್ನ," ಎಂದರು. ಹಳದಿ ಚೀಟಿಯ ಚಾವಿ ಮೊಳೆಯಿಂದ ಇಳಿಯಿತು. ದೇವಕಿ ಕೈ ಒರೆಸಿಕೊಂಡು ತೆಗೆದುಕೊಂಡಳು, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇವತ್ತಿಗೂ ಅದು ಅಲ್ಲೇ ಇದೆ. ದಿನಕ್ಕೊಬ್ಬರಂತೆ ಅವರೇ ತೊಳೆಯುತ್ತಾರೆ. ತೊಳೆಯಬೇಕಾದವರ ಸಂಬಳ ಎಲ್ಲಿಗೆ ಹೋಗುತ್ತಿದೆ ಎಂದು ನಾನು ಇನ್ನೂ ಕೇಳುತ್ತಿದ್ದೇನೆ, ಉತ್ತರ ಬಂದಿಲ್ಲ.

ಅವತ್ತು ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಕಾರವಾರಕ್ಕೆ ಹೋದೆ. ದೊಡ್ಡದನ್ನೇ ಇಟ್ಟುಕೊಂಡೆ. ಕುರ್ಚಿಯ ಆಸೆಗಲ್ಲ. ಹೊರಡುವ ಮೊದಲು ಸಣ್ಣದರಲ್ಲೂ ಅದೇ ಕಿಟಕಿಯ ಫೋಟೋ ತೆಗೆದು ನೋಡಿದ್ದೆ. ಮೊಳೆಗಳ ಸಾಲು ಮಸುಕಾಗಿ ಬಂತು, ಒಂದು ಚೀಟಿಯ ಅಕ್ಷರವೂ ಓದಲಾಗಲಿಲ್ಲ. ಭಾರವಾದರೆ ಆಗಲಿ. ಈಗ ಅದನ್ನು ಕುತ್ತಿಗೆಗೆ ಹಾಕಿಕೊಳ್ಳುವುದಿಲ್ಲ, ಬಟ್ಟೆಯ ಚೀಲದಲ್ಲಿ ಹರಿವೆ ಸೊಪ್ಪಿನ ಕೆಳಗೆ ಇಟ್ಟುಕೊಂಡು ಓಡಾಡುತ್ತೇನೆ. ಮೊದಲು ಬರಿಗೈಯಲ್ಲಿ ಹೋಗಿ ಕೇಳುತ್ತೇನೆ. ಎದುರಿಗಿದ್ದವರು ನನ್ನ ಮುಖ ನೋಡಿ ಮಾತಾಡುತ್ತಾರೋ ಇಲ್ಲವೋ, ಅದು ನನಗೆ ತಿಳಿಯಬೇಕು.

ಈ ಕಥೆ ಕೇಳಿದ ಗೆಳೆಯರು ನಾಲ್ಕಾರು ಮಂದಿ ಫೋನ್ ಮಾಡಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ಯಾವ ಕಂಪನಿ, ಯಾವ ಮಾಡೆಲ್?

ಸ್ವಾಮಿ, ನಿಮ್ಮ ಹೆಂಡತಿಯೋ ತಾಯಿಯೋ ನಿಮ್ಮ ಊರಿನ ಸಂತೆಗೆ ಹೋದರೆ ತೆರೆದ ಬಾಗಿಲು ಒಂದಾದರೂ ಇದೆಯೇ ಎಂದು ಯಾರೊಬ್ಬರೂ ಯಾಕೆ ಕೇಳಲಿಲ್ಲ?